ಶುಗರ್ ಇದ್ದವರ ಕಾಲಿನ ಗಾಯ: ಡಾಕ್ಟರ್ ಹೇಳುವ ‘ಫ್ಲಾಪ್’ ಅಂದರೆ ಏನು?

ಹೊಸೂರು, ಕೃಷ್ಣಗಿರಿ ಕಡೆ ಅಂಗಡಿ, ಹೋಟೆಲ್ ನಡೆಸುವವರಿಗೂ ಸಿಪ್‌ಕಾಟ್ ಕಾರ್ಖಾನೆಗಳಲ್ಲಿ ದುಡಿಯುವವರಿಗೂ ದಿನವಿಡೀ ನಿಂತೇ ಕೆಲಸ. ಜೊತೆಗೆ ಶುಗರ್ ಇದ್ದರೆ ಚಪ್ಪಲಿ ಉಜ್ಜಿ ಎದ್ದ ಒಂದು ಗುಳ್ಳೆಯೂ ಮಾಯದೆ ಉಳಿಯಬಹುದು. ಗುಳ್ಳೆ ಹುಣ್ಣಾಗಿ, ಹುಣ್ಣು ಆಳಕ್ಕಿಳಿದು ಎಲುಬು ಕಾಣುವ ಹೊತ್ತಿಗೆ ಮನೆಯವರು ಬೆಂಗಳೂರಿಗೋ ವೆಲ್ಲೂರಿಗೋ ಓಡುತ್ತಾರೆ. ಅಲ್ಲಿ ಕೇಳಿಬರುವುದು ಎರಡು ಮಾತು: ಒಂದೋ ಕಾಲು ತೆಗೆಯಬೇಕು, ಇಲ್ಲವಾದರೆ ‘ಫ್ಲಾಪ್’ ಮಾಡಿ ನೋಡಬಹುದು. ಮೊದಲನೆಯದು ಎಲ್ಲರಿಗೂ ಅರ್ಥವಾಗುತ್ತದೆ. ಎರಡನೆಯದನ್ನು ‘ಚರ್ಮ ಅಂಟಿಸ್ತಾರಂತೆ’ ಅಂದುಕೊಂಡು ಸಹಿ ಹಾಕಿಬಿಡುವವರೇ ಹೆಚ್ಚು.

ಚರ್ಮ ಅಂಟಿಸುವುದಕ್ಕೆ ಗ್ರಾಫ್ಟ್ ಎನ್ನುತ್ತಾರೆ. ತೊಡೆಯಿಂದ ತೆಳುವಾಗಿ ಎತ್ತಿದ ಚರ್ಮಕ್ಕೆ ತನ್ನದೇ ಆದ ರಕ್ತನಾಳ ಇರುವುದಿಲ್ಲ, ಕೆಳಗಿನ ಮಾಂಸದಿಂದಲೇ ಅದು ಬದುಕಬೇಕು. ಹಾಗಾಗಿ ಕೆಂಪು ಮಾಂಸ ಬಂದ ಗಾಯದ ಮೇಲೆ ಹಿಡಿಯುತ್ತದೆ, ಬರಿಯ ಎಲುಬಿನ ಮೇಲೆ ಹಿಡಿಯುವುದಿಲ್ಲ. ಫ್ಲಾಪ್ ಹಾಗಲ್ಲ. ಚರ್ಮ, ಅದರಡಿಯ ಕೊಬ್ಬು, ಕೆಲವೊಮ್ಮೆ ಸ್ನಾಯು, ಇವನ್ನು ರಕ್ತ ತರುವ ನಾಳದ ಸಮೇತ ಪಕ್ಕದಿಂದ ತಿರುಗಿಸಿ ಗಾಯದ ಮೇಲೆ ಕೂರಿಸುವುದು ಫ್ಲಾಪ್. ಕೊಂಬೆ ಮುರಿದು ನೆಡುವುದಕ್ಕೂ ಬುಡದ ಮಣ್ಣಿನ ಸಮೇತ ಗಿಡ ಎತ್ತಿ ನೆಡುವುದಕ್ಕೂ ಇರುವಷ್ಟು ವ್ಯತ್ಯಾಸ.

ಮೊಣಕಾಲಿನ ಹತ್ತಿರದ ಗಾಯಕ್ಕೆ ಮೀನಖಂಡದ ಸ್ನಾಯುವನ್ನೇ ಮೇಲಕ್ಕೆ ತಿರುಗಿಸಬಹುದು. ಕಷ್ಟ ಇರುವುದು ಪಾದದ ಗಂಟಿನ ಸುತ್ತ, ಹಿಮ್ಮಡಿಯಲ್ಲಿ. ಅಲ್ಲಿ ಎಳೆದು ಮುಚ್ಚಲು ಸಡಿಲ ಚರ್ಮವೂ ಇಲ್ಲ, ದಪ್ಪ ಸ್ನಾಯುವೂ ಇಲ್ಲ. ಇದಕ್ಕೆ ಹೆಚ್ಚಾಗಿ ಮಾಡುವುದು ‘ರಿವರ್ಸ್ ಸುರಲ್ ಫ್ಲಾಪ್’. ಮೀನಖಂಡದ ಹಿಂಭಾಗದ ಚರ್ಮವನ್ನು ಬಿಡಿಸಿ, ಪಾದದ ಗಂಟಿಗಿಂತ ಸುಮಾರು 5 ಸೆಂಟಿಮೀಟರ್ ಮೇಲೆ ಒಂದು ಕಡೆ ಮಾತ್ರ ಬುಡ ಉಳಿಸಿಕೊಂಡು ಕೆಳಕ್ಕೆ ತಿರುಗಿಸುತ್ತಾರೆ. ಚರ್ಮ ತೆಗೆದ ಜಾಗ ದೊಡ್ಡದಿದ್ದರೆ ಅಲ್ಲಿಗೆ ಗ್ರಾಫ್ಟ್. ಪಾದದ ಹೊರಬದಿ ಆಮೇಲೆ ಸ್ವಲ್ಪ ಮರಗಟ್ಟುತ್ತದೆ, ಯಾಕೆಂದರೆ ಅಲ್ಲಿನ ಸ್ಪರ್ಶದ ನರವೂ ಫ್ಲಾಪ್ ಜೊತೆ ಹೋಗಿರುತ್ತದೆ. ಗಾಯ ಇನ್ನೂ ದೊಡ್ಡದಾದರೆ ತೊಡೆಯಿಂದಲೋ ಬೆನ್ನಿನಿಂದಲೋ ಪೂರ್ತಿ ಬಿಡಿಸಿ ತಂದು, ಮೈಕ್ರೋಸ್ಕೋಪ್‌ನಡಿ ಕೂದಲಿಗಿಂತ ತೆಳ್ಳಗಿನ ನೂಲಿನಲ್ಲಿ ರಕ್ತನಾಳ ಹೊಲಿಯುತ್ತಾರೆ. ಅದು ‘ಫ್ರೀ ಫ್ಲಾಪ್’. ಗಂಟೆಗಟ್ಟಲೆ ಹಿಡಿಯುವ ಕೆಲಸ, ಎಲ್ಲ ಊರಲ್ಲೂ ಆಗುವುದಲ್ಲ.

ಇಷ್ಟೆಲ್ಲ ನಿಂತಿರುವುದು ರಕ್ತದ ಹರಿವಿನ ಮೇಲೆ. ಶುಗರ್ ಇದ್ದವರಲ್ಲಿ ಮೊಣಕಾಲಿನ ಕೆಳಗಿನ ರಕ್ತನಾಳಗಳೇ ಹೆಚ್ಚು ಕಟ್ಟಿಕೊಳ್ಳುತ್ತವೆ. ಬರುವ ರಕ್ತವೇ ಕಡಿಮೆಯಾದರೆ ಫ್ಲಾಪ್ ಎಷ್ಟು ಚೆನ್ನಾಗಿ ಹೊಲಿದರೂ ಕಪ್ಪಾಗುತ್ತದೆ. ಆದ್ದರಿಂದ ಡಾಪ್ಲರ್, ಅಗತ್ಯವಿದ್ದರೆ ಆಂಜಿಯೋಗ್ರಾಮ್ ಮೊದಲು ಆಗಬೇಕು. ತೋಳಿನ ಬಿಪಿ, ಕಾಲಿನ ಬಿಪಿ ಹೋಲಿಸುವ ಪರೀಕ್ಷೆ ಇವರಲ್ಲಿ ಮೋಸ ಮಾಡುವುದುಂಟು. ನಾಳ ಸುಣ್ಣಗಟ್ಟಿ ಗಡುಸಾಗಿದ್ದರೆ ಅಂಕಿ ಸರಿಯಾಗಿಯೇ ಕಾಣುತ್ತದೆ. ಆಂಜಿಯೋಗ್ರಾಮ್‌ನ ಔಷಧ ಕಿಡ್ನಿಗೆ ಭಾರ, ಹಾಗಾಗಿ ಕ್ರಿಯಾಟಿನಿನ್ ರಿಪೋರ್ಟ್ ಕೈಯಲ್ಲಿರಲಿ. ಬ್ಲಾಕ್ ಇದ್ದರೆ ಬಲೂನ್ ಹಾಕಿಯೋ ಬೈಪಾಸ್ ಮಾಡಿಯೋ ತೆರೆದು ಆಮೇಲೆ ಫ್ಲಾಪ್. ‘ಕಾಲು ತೆಗೆಯಬೇಕು’ ಅಂದಾಗ ಮನೆಯವರು ಕೇಳಲೇಬೇಕಾದ ಪ್ರಶ್ನೆ ಒಂದೇ: ರಕ್ತದ ಹರಿವು ನೋಡಿದ್ದೀರಾ?

ಆದರೆ ಸೋಂಕು ಮೇಲಕ್ಕೇರಿ ಜ್ವರ, ಚಳಿ, ದುರ್ವಾಸನೆ, ಕಪ್ಪು ಬಣ್ಣ ಬಂದಿದ್ದರೆ ಪ್ರಶ್ನೆ ಕೇಳುತ್ತಾ ಕೂರುವ ಸಮಯವಲ್ಲ. ಕೀವು ಮತ್ತು ಸತ್ತ ಮಾಂಸ ತೆಗೆಯುವುದು ಆ ದಿನವೇ ಆಗಬೇಕು, ಅದಕ್ಕಾಗಿ ವೆಲ್ಲೂರಿನ ಅಪಾಯಿಂಟ್‌ಮೆಂಟ್ ಕಾಯಬಾರದು. ಹತ್ತಿರದ ದೊಡ್ಡ ಆಸ್ಪತ್ರೆಗೆ ಮೊದಲು ಹೋಗಬೇಕು. ಕೃಷ್ಣಗಿರಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು 2022ರ ಜನವರಿಯಲ್ಲೇ ಉದ್ಘಾಟನೆಯಾಗಿದೆ. ಕೆಲವೊಮ್ಮೆ ಜೀವ ಉಳಿಸಲು ಕಾಲು ತೆಗೆಯುವುದೇ ಸರಿಯಾದ ದಾರಿ, ಅದನ್ನೂ ಒಪ್ಪಬೇಕು. ಸೊಪ್ಪಿನ ಮದ್ದು ಕಟ್ಟಿಕೊಂಡು ಕಳೆದ ವಾರಗಳೇ ಎಷ್ಟೋ ಸಲ ಫ್ಲಾಪ್‌ನ ಅವಕಾಶ ತಿಂದುಹಾಕಿರುತ್ತವೆ.

ನೋವಿಲ್ಲ ಎಂಬ ಕಾರಣಕ್ಕೆ ಸುಮ್ಮನಿರುವವರೂ ಇದ್ದಾರೆ. ಇದರ ಅಪಾಯವನ್ನು ಜಗತ್ತಿಗೆ ತಿಳಿಸಿದವರು ಇದೇ ಸೀಮೆಯಲ್ಲಿದ್ದ ಡಾ. ಪಾಲ್ ಬ್ರ್ಯಾಂಡ್. 1914ರಲ್ಲಿ ಕೊಲ್ಲಿಮಲೆಯಲ್ಲಿ ಹುಟ್ಟಿ ವೆಲ್ಲೂರಿನ ಸಿಎಂಸಿಯಲ್ಲಿ ಕುಷ್ಠರೋಗಿಗಳ ಕೈಕಾಲು ಸರಿಪಡಿಸುತ್ತಿದ್ದ ಅವರು, ಬೆರಳು, ಪಾದ ಹಾಳಾಗುವುದಕ್ಕೆ ಮುಖ್ಯ ಕಾರಣ ನೋವು ತಿಳಿಯದಿರುವುದು ಎಂದು ತೋರಿಸಿಕೊಟ್ಟರು. ಅದೇ ತಿಳಿವಳಿಕೆ ಮುಂದೆ ಅಮೆರಿಕದಲ್ಲಿ ಶುಗರ್ ರೋಗಿಗಳ ಪಾದದ ಚಿಕಿತ್ಸೆಗೆ ಬಂತು.

ಆಪರೇಷನ್ ಆದ ಮೇಲಿನ ಮೊದಲ ದಿನಗಳಲ್ಲಿ ನೋಡಬೇಕಾದದ್ದು ಬಣ್ಣ. ಫ್ಲಾಪ್ ಬಿಳಿಚಿ ತಣ್ಣಗಾದರೆ ರಕ್ತ ಬರುತ್ತಿಲ್ಲ, ನೀಲಿಯಾಗಿ ಊದಿದರೆ ವಾಪಸ್ ಹೋಗುತ್ತಿಲ್ಲ. ಎರಡರಲ್ಲೂ ಕೂಡಲೇ ನರ್ಸ್‌ಗೆ ಹೇಳಬೇಕು. ಕಾಲು ಎತ್ತರದಲ್ಲಿರಬೇಕು, ಫ್ಲಾಪ್ ಮೇಲೆ ಭಾರ ಬೀಳಬಾರದು. ಬೀಡಿ, ಸಿಗರೇಟ್ ಪೂರ್ತಿ ಬಂದ್. ನೋಡಲು ಬಂದವರು ಹಣ್ಣಿನ ಜ್ಯೂಸ್, ಬಿಸ್ಕೆಟ್ ತಂದುಕೊಟ್ಟು ಶುಗರ್ ಏರಿಸುವುದೂ ಬೇಡ. ಹಿಮ್ಮಡಿ ಅಥವಾ ಗಂಟಿನ ಮೇಲೆ ಫ್ಲಾಪ್ ಆದವರು ನಮಾಝ್‌ಗೆ ಕುರ್ಚಿಯಲ್ಲೇ ಕೂರಲಿ, ರೋಗಿಗೆ ಆ ರಿಯಾಯಿತಿ ಇದ್ದೇ ಇದೆ. ಮಾಯ್ದ ಮೇಲೂ ಆ ಜಾಗಕ್ಕೆ ಸ್ಪರ್ಶ ಕಡಿಮೆ. ಮೆತ್ತನೆಯ ಎಂಸಿಆರ್ ಚಪ್ಪಲಿ ಬೇಕು, ಬರಿಗಾಲಲ್ಲಿ ನಡೆಯಬಾರದು. ಉಮ್ರಾಕ್ಕೆ ಹೋದಾಗ ಬಿಸಿ ನೆಲದ ಮೇಲೆ ಪಾದ ಸುಟ್ಟರೂ ಇವರಿಗೆ ತಿಳಿಯದೇ ಹೋಗಬಹುದು. ವುಝೂ ಮಾಡುವಾಗ ದಿನಕ್ಕೆ ಐದು ಬಾರಿ ಪಾದ ಕಣ್ಣೆದುರಿಗೆ ಬರುತ್ತದೆ. ಒಂದು ಬಾರಿಯಾದರೂ ಬೆರಳ ಸಂದು ನೋಡಿ, ಒರೆಸಿ ಒಣಗಿಸಿದರೆ ಸಾಕು.

ತಮಿಳುನಾಡಿನ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ 2021ರ ಆಗಸ್ಟ್ 5ರಂದು ಶುರುವಾದದ್ದೇ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ತಮಿಳಿನಲ್ಲಿ ‘ಮಕ್ಕಳ್’ ಅಂದರೆ ಜನ. ಜನರ ಮನೆಗೇ ಶುಗರ್, ಬಿಪಿ ಮಾತ್ರೆ ತಲುಪಿಸುವ ಯೋಜನೆ ಇದು. ಮಾತ್ರೆ ಕೊಡಲು ಬಂದವರಿಗೆ ಕಾಲಿನ ಗಾಯ ತೋರಿಸಲು ನಾಚಿಕೆ ಬೇಡ.

ಇನ್ನು ಖರ್ಚು. ಆಪರೇಷನ್ ಬಿಲ್ ಒಂದೇ ಅಲ್ಲ, ಡ್ರೆಸ್ಸಿಂಗ್, ಓಡಾಟ, ವಾರಗಟ್ಟಲೆ ಮುಚ್ಚಿದ ಅಂಗಡಿ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ತಮಿಳುನಾಡು ಮುಖ್ಯಮಂತ್ರಿಗಳ ವಿಮೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಕರ್ನಾಟಕದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ 5 ಲಕ್ಷ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ಗರಿಷ್ಠ 1.5 ಲಕ್ಷ. ಹೊಸೂರಿನಲ್ಲಿ ವ್ಯಾಪಾರ, ರೇಷನ್ ಕಾರ್ಡ್ ಮಾತ್ರ ಮಂಗಳೂರಿನದು ಎಂಬಂಥ ಮನೆಗಳು ತಮ್ಮದು ಯಾವ ರಾಜ್ಯದ ಯೋಜನೆ, ರೆಫರಲ್ ಪತ್ರ ಎಲ್ಲಿಂದ ತರಬೇಕು ಎಂಬುದನ್ನು ಆಸ್ಪತ್ರೆಯ ವಿಮಾ ಕೌಂಟರ್‌ನಲ್ಲಿ ಅಡ್ಮಿಟ್ ಆಗುವ ಮೊದಲೇ ಕೇಳಿಕೊಳ್ಳಬೇಕು.