ಶಟಲ್ ಕಾಕ್, ಗಾಳಿಯ ಎಳೆತ ಮತ್ತು ಪ್ರಕಾಶ್ ಪಡುಕೋಣೆ

ಎಂಟನೇ ತರಗತಿಯ ‘ಘರ್ಷಣೆ’ ಪಾಠದಲ್ಲಿ ಗಾಳಿ ಮತ್ತು ನೀರು ವಸ್ತುಗಳ ಚಲನೆಯನ್ನು ತಡೆಯುವ ವಿಷಯ ಬರುತ್ತದೆ. ಶಿಕಾರಿಪುರ ಮತ್ತು ಸೊರಬ ತಾಲ್ಲೂಕಿನ ಪ್ರೌಢಶಾಲೆಗಳಲ್ಲಿ ಪಾಠಾಭ್ಯಾಸ ಮಾಡುವಾಗ ಇದನ್ನು ನಾನು ಪ್ರಕಾಶ್ ಪಡುಕೋಣೆಯವರ ಆಟದ ಮೂಲಕ ಬೋಧಿಸಿದೆ. ಸಹಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾದೀತೆಂದು ಇಲ್ಲಿ ವಿವರಿಸುತ್ತಿದ್ದೇನೆ.

ನಮ್ಮ ಭಾಗದ ಮಕ್ಕಳಿಗೆ ಬ್ಯಾಡ್ಮಿಂಟನ್ ಎಂದರೆ ಬಯಲಿನಲ್ಲಿ ಉಣ್ಣೆಯ ಚೆಂಡಿನಿಂದ ಐದೈದು ಮಂದಿ ಆಡುವ ಬಾಲ್ ಬ್ಯಾಡ್ಮಿಂಟನ್. ಆದ್ದರಿಂದ ಆ ಚೆಂಡನ್ನೂ ಒಂದು ಶಟಲ್ ಕಾಕನ್ನೂ ತರಗತಿಗೆ ಒಯ್ದೆ. ಎರಡನ್ನೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಎಸೆಯಲು ಹೇಳಿದೆ. ಚೆಂಡು ಎದುರಿನ ಗೋಡೆ ಮುಟ್ಟಿತು. ಶಟಲ್ ನಡುವೆಯೇ ಸೋತು ಕೆಳಗಿಳಿಯಿತು. ಏಕೆ? ಶಟಲ್‌ನ ತೂಕ ಸುಮಾರು 5 ಗ್ರಾಂ. ಅದರ 16 ಗರಿಗಳು ಛತ್ರಿಯಂತೆ ಹರಡಿ ಗಾಳಿಯನ್ನು ತಡೆಯುತ್ತವೆ. ತೂಕ ಕಡಿಮೆ, ಎಳೆತ ಹೆಚ್ಚು. ಹಾಗಾಗಿ ವೇಗ ಬೇಗ ಕುಗ್ಗುತ್ತದೆ. ಹೇಗೆ ಎಸೆದರೂ ಭಾರವಾದ ಬೆಂಡಿನ ತುದಿಯೇ ಮುಂದಾಗುವುದನ್ನೂ ಮಕ್ಕಳು ತಾವೇ ಗಮನಿಸಿದರು.

ಇಷ್ಟು ಅರ್ಥವಾದರೆ 1980ರ ಮಾರ್ಚ್ 23ರ ಪಂದ್ಯ ಅರ್ಥವಾಗುತ್ತದೆ. ಅಂದು ಲಂಡನ್ನಿನ ವೆಂಬ್ಲಿಯಲ್ಲಿ ಆಲ್ ಇಂಗ್ಲೆಂಡ್ ಫೈನಲ್. ಎದುರಾಳಿ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್. ಹಿಂದಿನ ಎರಡು ವರ್ಷಗಳ ಚಾಂಪಿಯನ್, ಜಿಗಿದು ಹೊಡೆಯುವ ಸ್ಮ್ಯಾಷ್‌ಗೆ ಹೆಸರಾದವರು. ಪ್ರಕಾಶ್ ಬಲಕ್ಕೆ ಬಲ ಕೊಡಲಿಲ್ಲ. ಎತ್ತರಕ್ಕೆ ಹೊಡೆದು ಹಿಂದಕ್ಕಟ್ಟುವುದು, ಮರುಕ್ಷಣ ನೆಟ್ ಬಳಿ ಮೆಲ್ಲಗೆ ಬೀಳಿಸುವುದು: ಹೀಗೆ ಆಟದ ವೇಗವನ್ನೇ ತಗ್ಗಿಸಿ 15-3, 15-10ರಿಂದ ಗೆದ್ದರು. ಆಲ್ ಇಂಗ್ಲೆಂಡ್ ಗೆದ್ದ ಮೊದಲ ಭಾರತೀಯ ಅವರೇ. ಬೀಸಿ ಹೊಡೆದ ಶಟಲ್‌ನ ವೇಗವನ್ನು ಗಾಳಿ ಕಿತ್ತುಕೊಳ್ಳುತ್ತದೆ. ಮೆಲ್ಲಗೆ ಹೊಡೆದಾಗ ಅದೇ ಗಾಳಿ ಅದನ್ನು ನೆಟ್ ದಾಟಿದೊಡನೆ ಇಳಿಸುತ್ತದೆ. ಪ್ರಕಾಶ್ ಅದನ್ನು ತಮ್ಮ ಕಡೆ ಮಾಡಿಕೊಂಡಿದ್ದರು. (ಆಗ ಗೇಮ್‌ಗೆ 15 ಅಂಕ, ಸರ್ವ್ ಮಾಡುವವರಿಗಷ್ಟೇ ಅಂಕ. 21ರ ಲೆಕ್ಕ ಬಲ್ಲ ಮಕ್ಕಳಿಗೆ ಇದನ್ನು ಮೊದಲೇ ತಿಳಿಸಬೇಕು.)

ಪ್ರಕಾಶ್ ಹುಟ್ಟಿದ್ದು 1955ರ ಜೂನ್ 10ರಂದು ಬೆಂಗಳೂರಿನಲ್ಲಿ. ಹೆಸರಿನಲ್ಲಿರುವ ಪಡುಕೋಣೆ ಕುಂದಾಪುರದ ಕಡೆಯ ಊರು, ನಾವು ಘಟ್ಟ ಇಳಿದರೆ ಸಿಗುವ ಸೀಮೆ. ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದರು. 1962ರಲ್ಲಿ ಆಡಿದ ಮೊದಲ ರಾಜ್ಯ ಜೂನಿಯರ್ ಟೂರ್ನಿಯಲ್ಲಿ ಹುಡುಗ ಮೊದಲ ಸುತ್ತಿನಲ್ಲೇ ಸೋತ. ಎರಡು ವರ್ಷಗಳ ನಂತರ ಅದೇ ಪ್ರಶಸ್ತಿ ಗೆದ್ದ. ಮುಂದೆ ಸತತ 9 ರಾಷ್ಟ್ರೀಯ ಪ್ರಶಸ್ತಿಗಳು, 1978ರಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಚಿನ್ನ, 1983ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಕಂಚು.

ಅವರು ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆ ಹಾಲ್‌ನಲ್ಲಿ. ಸಮಾರಂಭವಿದ್ದ ದಿನ ಆಟವಿಲ್ಲ. ಇಲ್ಲದ ದಿನ ಶಾಲೆ ಬಿಟ್ಟೊಡನೆ ಅಲ್ಲಿಗೆ ಓಟ. ಈ ಸಂಗತಿಯನ್ನು ‘ಪ್ರತಿಭೆಯಿದ್ದರೆ ಸೌಲಭ್ಯ ಬೇಕಿಲ್ಲ’ ಎಂಬ ನೀತಿಗೆ ಬಳಸುವುದುಂಟು. ನನಗೆ ಅದು ಸರಿಯೆನಿಸುವುದಿಲ್ಲ. ಆ ಹಾಲ್‌ಗೆ ಗೋಡೆ, ಸೂರು ಇದ್ದವು. ಗಾಳಿ ಬೀಸುವ ಬಯಲಿನಲ್ಲಿ ಶಟಲ್ ಎತ್ತ ಹೋಗುತ್ತದೆಂದು ಹೇಳಲಾಗದು. ಅಲ್ಲಿ ಆ ಸೂಕ್ಷ್ಮ ಹೊಡೆತ ಕೈಗೆ ಹತ್ತುವುದು ಕಷ್ಟ. ಸ್ವತಃ ಪ್ರಕಾಶ್ ನಿವೃತ್ತರಾದ ಮೇಲೆ 1994ರಲ್ಲಿ ವಿಮಲ್ ಕುಮಾರ್ ಮುಂತಾದವರೊಡನೆ ಬೆಂಗಳೂರಿನಲ್ಲಿ ಅಕಾಡೆಮಿ ಸ್ಥಾಪಿಸಿದರು. ಅಲ್ಲಿ ತರಬೇತಿ ಪಡೆದ ಪುಲ್ಲೇಲ ಗೋಪಿಚಂದ್ 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು.

ಸೊರಬದ ತರಗತಿಯಲ್ಲಿ ಒಬ್ಬ ಹುಡುಗಿ, “ಹಾಗಾದ್ರೆ ನಮ್ಮೂರ ಸಮುದಾಯ ಭವನದಲ್ಲೂ ಆಡಬಹುದಾ?” ಎಂದು ಕೇಳಿದಳು. ಮಳೆಗಾಲದಲ್ಲಿ ನಮ್ಮ ಶಾಲೆಗಳ ಆಟದ ಅವಧಿ ತಿಂಗಳುಗಟ್ಟಲೆ ಕೊಠಡಿಯೊಳಗೇ ಕಳೆಯುತ್ತದೆ, ಹೆಣ್ಣುಮಕ್ಕಳಿಗಂತೂ ಹೆಚ್ಚು. ಆ ಪ್ರಶ್ನೆಯನ್ನೇ ಮನೆಗೆಲಸ ಮಾಡಿದೆ: ಅಂಕಣದ ಉದ್ದ 13.40 ಮೀಟರ್, ಅಗಲ 6.10 ಮೀಟರ್, ನಡುವೆ ನೆಟ್‌ನ ಎತ್ತರ 1.524 ಮೀಟರ್, ಭವನವನ್ನು ಅಳೆದು, ನಕ್ಷೆ ಬರೆದು ತನ್ನಿ. ನೀವೂ ಮಾಡಿಸಿ ನೋಡಿ. ಅಂಕಣ ಹಿಡಿಸುತ್ತದೆಂದು ಲೆಕ್ಕ ತೋರಿಸಿದರೆ, ಆ ನಕ್ಷೆಯನ್ನು ಮುಖ್ಯಶಿಕ್ಷಕರ ಮೂಲಕ ಪಂಚಾಯಿತಿಗೆ ತಲುಪಿಸುವ ಕೆಲಸ ನಮ್ಮದು.