ಇಳಿಜಾರು ಹಾದಿಯಿಂದ ಕಲಿಕೆಯವರೆಗೆ: ನೂತನ ಶಿಕ್ಷಕರ ಸಿದ್ಧತೆ

ಶಾಲೆಗೆ ಇಳಿಜಾರು ಹಾದಿ ನಿರ್ಮಿಸಿದೊಡನೆ ವಿಕಲಚೇತನ ಮಕ್ಕಳ ಕುರಿತ ಪಂಚಾಯಿತಿಯ ಹೊಣೆ ಮುಗಿಯಿತೆಂದು ಸೇವೆಯ ಆರಂಭದಲ್ಲಿ ನಾನೂ ಭಾವಿಸಿದ್ದೆ. ಎಂಜಿನಿಯರಿಂಗ್ ಓದಿದವನಿಗೆ ಅಳತೆಯೇ ಸಮಾಧಾನ: 1:12ರ ಇಳಿಜಾರು, ಅಂದರೆ 45 ಸೆಂ.ಮೀ. ಎತ್ತರದ ಜಗಲಿಗೆ 5.4 ಮೀಟರ್ ಉದ್ದ. ಹಾದಿ ಸರಿಯಾಗಿಯೇ ಇತ್ತು. ಆದರೆ ಗಾಲಿಕುರ್ಚಿಯಲ್ಲಿ ಒಳಬಂದ ಬಾಲಕಿ, ಉಳಿದವರು ಭಾಗಾಕಾರ ಮಾಡುತ್ತಿರುವಾಗ ಮೂಲೆಯಲ್ಲಿ ಕುಳಿತು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ಹೊಸದಾಗಿ ನೇಮಕಗೊಂಡಿದ್ದ ಶಿಕ್ಷಕಿ ಮುಚ್ಚುಮರೆಯಿಲ್ಲದೆ ಹೇಳಿದರು: “ಇವಳಿಗೆ ಏನು ಕಲಿಸಬೇಕೆಂದು ನನಗಾರೂ ತಿಳಿಸಿಲ್ಲ.” ಆಕೆಯ ಕಾಲಿಗಷ್ಟೇ ಬಲವಿರಲಿಲ್ಲ, ಲೆಕ್ಕಕ್ಕೆ ಅಡ್ಡಿಯೇನೂ ಇರಲಿಲ್ಲ.

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ಒಟ್ಟು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಶೇ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ನೆರೆಹೊರೆಯ ಶಾಲೆಯಲ್ಲಿ ಅಥವಾ ತಾವು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಶಿಕ್ಷಕರ ತರಬೇತಿಯೂ ಇದೇ ಅಧಿನಿಯಮದಡಿ ಸರ್ಕಾರದ ಕರ್ತವ್ಯ.

ತರಬೇತಿಯಲ್ಲಿ ವೈಕಲ್ಯಗಳ ಪಟ್ಟಿ ಬಾಯಿಪಾಠವಾಗುವುದಕ್ಕಿಂತ ನಿತ್ಯದ ಅಭ್ಯಾಸಗಳು ಬದಲಾಗುವುದು ಮುಖ್ಯವೆಂದು ನನ್ನ ಅಭಿಪ್ರಾಯ. ಕಪ್ಪುಹಲಗೆಯ ಉದಾಹರಣೆ ನೋಡೋಣ. ಮಂದದೃಷ್ಟಿಯ ಮಗುವಿಗೆ ಬರೆಯುತ್ತಿರುವುದನ್ನು ಗಟ್ಟಿಯಾಗಿ ಓದಿ ಹೇಳಬೇಕು. ಆದರೆ ತುಟಿಚಲನೆ ನೋಡಿ ಗ್ರಹಿಸುವ ಶ್ರವಣದೋಷದ ಮಗುವಿಗೆ, ಬೆನ್ನು ತಿರುಗಿಸಿ ಆಡಿದ ಮಾತು ದಕ್ಕದು. ಹೇಳುತ್ತಾ ಬರೆದು, ಬಳಿಕ ಮಕ್ಕಳತ್ತ ತಿರುಗಿ ಅದನ್ನೇ ಮತ್ತೊಮ್ಮೆ ನುಡಿದರೆ ಇಬ್ಬರಿಗೂ ಪಾಠ ತಲುಪುತ್ತದೆ. ಇದಕ್ಕೆ ಅನುದಾನ ಬೇಕಿಲ್ಲ.

ಕಣ್ಣಿಗೆ ಕಾಣದ ತೊಡಕುಗಳಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ‘ಬ’–‘ಭ’, ‘ವ’–‘ಮ’ ಗೊಂದಲ ಆರಂಭದಲ್ಲಿ ಎಲ್ಲ ಮಕ್ಕಳಿಗೂ ಸಹಜ. ಮಾತಿನಲ್ಲಿ ಚುರುಕಾದ ಮಗು ನಾಲ್ಕನೆಯ ತರಗತಿಯಲ್ಲೂ ಒತ್ತಕ್ಷರ ಕಂಡೊಡನೆ ತಡವರಿಸಿದರೆ ‘ದಡ್ಡ’ ಎಂದು ಹಣೆಪಟ್ಟಿ ಹಚ್ಚಬಾರದು. ಶಿಕ್ಷಕರು ತಾವೇ ಕಲಿಕಾ ನ್ಯೂನತೆಯೆಂದು ತೀರ್ಮಾನಿಸಲೂಬಾರದು. ಕಂಡದ್ದನ್ನು ದಿನಾಂಕ ಸಹಿತ ಬರೆದಿಟ್ಟು, ಕ್ಷೇತ್ರ ಸಂಪನ್ಮೂಲ ಕೇಂದ್ರದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರ ಗಮನಕ್ಕೆ ತರುವುದು ಸೂಕ್ತ.

ಹೊಸ ಶಿಕ್ಷಕರು ಕರ್ತವ್ಯಕ್ಕೆ ಹಾಜರಾದ ಮೊದಲ ವಾರದಲ್ಲೇ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಭೇಟಿಯಾಗಬೇಕು. ಮಗುವಿನ ಮನೆ, ಗುರುತಿನ ಚೀಟಿ, ಸಾಧನ ಸಲಕರಣೆಗಳ ಸ್ಥಿತಿ ಅವರಿಗೆ ತಿಳಿದಿರುತ್ತದೆ. ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ವಿಕಲಚೇತನರಿಗೆಂದು ಮೀಸಲಾದ ಶೇ 5ರ ನಿಧಿಗೆ ಶಾಲೆಯಿಂದ ಬೇಡಿಕೆ ಲಿಖಿತವಾಗಿ ಬಂದರೆ ಕ್ರಿಯಾಯೋಜನೆಯಲ್ಲಿ ಪರಿಶೀಲಿಸಲು ನಮಗೂ ಸುಲಭ.

ಆ ಬಾಲಕಿಯ ವಿಷಯದಲ್ಲಿ ಬೇಕಾದದ್ದು ಬಲು ಸಣ್ಣದು. ಮೇಜು ತಗ್ಗಾಗಿದ್ದು ಗಾಲಿಕುರ್ಚಿ ಅದರಡಿ ಸೇರುತ್ತಿರಲಿಲ್ಲ. ಕಾಲುಗಳಿಗೆ ಮರದ ತುಂಡು ಜೋಡಿಸಿ ಎತ್ತರಿಸಲಾಯಿತು. ಈಗ ಅವಳು ಎರಡನೆಯ ಸಾಲಿನಲ್ಲಿ ಕುಳಿತು ಭಾಗಾಕಾರ ಮಾಡುತ್ತಿದ್ದಾಳೆ.