ಪ್ರಶ್ನೆಯ ವೇಷ ತೊಟ್ಟ ಸಲಹೆ

ಇಂಗ್ಲಿಷಿನ ಪ್ರಶ್ನೆಗಳೆಲ್ಲ ಉತ್ತರವನ್ನು ಬಯಸುವುದಿಲ್ಲ. ‘ವೈ ಡೋಂಟ್ ಯು ಸಿಟ್ ಡೌನ್?’ ಎಂದವರಿಗೆ ನಾವು ನಿಂತಿರುವುದರ ಕಾರಣ ಬೇಕಿಲ್ಲ. ಅವರು ಕುರ್ಚಿ ತೋರಿಸುತ್ತಿದ್ದಾರೆ, ಅಷ್ಟೆ. ಆದರೆ ‘ವೈ’ ಎಂದರೆ ‘ಏಕೆ’ ಎಂದಷ್ಟೇ ಶಾಲೆಯಲ್ಲಿ ಕಲಿತವರಿಗೆ ಅದು ಆಕ್ಷೇಪಣೆಯಂತೆ ಕೇಳಿಸುತ್ತದೆ. ‘ವೈ ಡೋಂಟ್ ಯು ಕಾಲ್ ದಿ ಕ್ಲೈಂಟ್?’ ಎಂದು ಮೇಲಧಿಕಾರಿ ಹೇಳಿದರೆ, ಹೊಸದಾಗಿ ಕೆಲಸಕ್ಕೆ ಸೇರಿದವನು ಕರೆ ಮಾಡುವುದನ್ನು ಬಿಟ್ಟು ಸಮಜಾಯಿಷಿ ನೀಡಲು ತೊಡಗಬಹುದು.

ಈ ಜಾಣ್ಮೆ ಕನ್ನಡಕ್ಕೆ ಹೊಸತೇನಲ್ಲ. ‘ಹೋಗಬಾರದು’ ಎಂಬುದು ನಿಷೇಧ, ಅದನ್ನೇ ‘ಹೋಗಬಾರದೇ?’ ಎಂದರೆ ಪ್ರೇರಣೆ. ‘ನೀವೇ ಒಮ್ಮೆ ಹೇಳಿ ನೋಡಬಾರದೇಕೆ?’, ‘ನಾಳೆ ಹೊರಟರೆ ಹೇಗೆ?’ ಎನ್ನುವಾಗ ನಾವು ಮಾಡುವುದೂ ಇದನ್ನೇ. ಪದಕ್ಕೆ ಪದವಿಟ್ಟು ‘ನೀವೇಕೆ ಹೇಳುವುದಿಲ್ಲ?’ ಎಂದು ಅನುವಾದಿಸಿದರೆ ಮಾತ್ರ ಸಲಹೆಯು ಜಗಳಕ್ಕೆ ಮುನ್ನುಡಿಯಾಗುತ್ತದೆ.

ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ 1978ರಲ್ಲಿ ಪ್ರಕಟಿಸಿದ, ಸೌಜನ್ಯದ ಭಾಷೆಯನ್ನು ಕುರಿತ ಪ್ರಸಿದ್ಧ ಅಧ್ಯಯನವು ಇಂಗ್ಲಿಷಿನ ಜೊತೆಗೆ ನಮ್ಮ ನೆರೆಯ ತಮಿಳನ್ನೂ ಮೆಕ್ಸಿಕೊದ ತ್ಸೆಲ್ತಾಲ್ ಭಾಷೆಯನ್ನೂ ಆಧರಿಸಿತ್ತು. ಎದುರಿನವರ ಮರ್ಯಾದೆಗೆ ಧಕ್ಕೆಯಾಗದಂತೆ, ಅವರಿಗೆ ‘ಬೇಡ’ ಎನ್ನಲು ಅವಕಾಶವಿರುವಂತೆ ಮಾತನಾಡುವುದು ಯಾವುದೇ ಒಂದು ಭಾಷೆಯ ಸ್ವತ್ತಲ್ಲ ಎಂಬುದಕ್ಕೆ ಇದು ಸಾಕ್ಷಿ.

ಆದರೆ ಈ ಅವಕಾಶ ಎಲ್ಲರಿಗೂ ಸಮಾನವಾಗಿ ದಕ್ಕುವುದೇ? ಮೇಲಧಿಕಾರಿಯ ‘ವೈ ಡೋಂಟ್ ಯು’ ಹೆಸರಿಗೆ ಸಲಹೆ, ವಾಸ್ತವದಲ್ಲಿ ಆಜ್ಞೆ. ಅದೇ ಮೃದುತ್ವವನ್ನು ಕೆಳಗಿನವರು ಬಳಸಿದಾಗ ಅವರ ಎಚ್ಚರಿಕೆಯೂ ಕೇವಲ ಅಭಿಪ್ರಾಯವಾಗಿ ಉಳಿದುಬಿಡುತ್ತದೆ.

ಇದರ ಬೆಲೆ ಎಷ್ಟೆಂಬುದನ್ನು 1982ರ ಜನವರಿ 13ರಂದು ವಾಷಿಂಗ್ಟನ್ ಕಂಡಿತು. ಹಿಮ ಸುರಿಯುತ್ತಿದ್ದಾಗ ಹೊರಟ ಏರ್ ಫ್ಲಾರಿಡಾ ವಿಮಾನದ ಸಹಪೈಲಟ್, ಕಟ್ಟಿಕೊಳ್ಳುತ್ತಿದ್ದ ಮಂಜುಗಡ್ಡೆಯತ್ತ ಹಲವು ಬಾರಿ ಕ್ಯಾಪ್ಟನ್‌ನ ಗಮನ ಸೆಳೆದಿದ್ದರು. ಓಟದ ಹಾದಿಯಲ್ಲಿ ಮಾಪಕಗಳ ಬಗ್ಗೆಯೂ ಸಂಶಯ ಸೂಚಿಸಿದರು. ‘ನಿಲ್ಲಿಸಿ’ ಎಂದು ಮಾತ್ರ ಹೇಳಲಿಲ್ಲ. ವಿಮಾನ ಸೇತುವೆಗೆ ಬಡಿದು ಪೊಟೊಮ್ಯಾಕ್ ನದಿಗೆ ಬಿತ್ತು. ಒಟ್ಟು 78 ಮಂದಿ ಮೃತಪಟ್ಟರು. ಪೈಲಟ್‌ಗಳ ಸಂಭಾಷಣೆಗಳನ್ನು ಪರಿಶೀಲಿಸಿ ಭಾಷಾವಿಜ್ಞಾನಿ ಶಾರ್ಲಟ್ ಲಿಂಡ್ 1988ರಲ್ಲಿ ಪ್ರಕಟಿಸಿದ ಲೇಖನವು, ಮೆತ್ತಗೆ ಹೇಳಿದ ಸಲಹೆಗಳು ಕಡೆಗಣಿಸಲ್ಪಡುವ ಸಂಭವ ಹೆಚ್ಚೆಂದು ತೋರಿಸಿತು. ಅಪಾಯ ಕಂಡಾಗ ಕಿರಿಯರು ನೇರವಾಗಿ ನುಡಿಯಬೇಕೆಂದು ಇಂದು ವಿಮಾನ ಸಿಬ್ಬಂದಿಗೆ ವಿಶೇಷ ತರಬೇತಿಯನ್ನೇ ನೀಡಲಾಗುತ್ತದೆ.

ಆಸ್ಪತ್ರೆ, ಕಾರ್ಖಾನೆ, ಸರ್ಕಾರಿ ಕಚೇರಿಗಳಿಗೂ ಈ ಪಾಠ ಅನ್ವಯಿಸುತ್ತದೆ. ‘ಇನ್ನೊಮ್ಮೆ ಪರೀಕ್ಷಿಸಿದರೆ ಹೇಗೆ, ಸರ್?’ ಎಂದು ದಾದಿಯೊಬ್ಬರು ಕೇಳಿದಾಗ ಅದರ ಹಿಂದೆ ಎಷ್ಟು ಆತಂಕವಿದೆ ಎಂಬುದನ್ನು ಗ್ರಹಿಸುವುದು ವೈದ್ಯರ ಹೊಣೆ. ವಿನಯದಿಂದ ಮಾತನಾಡುವುದನ್ನು ಕಿರಿಯರಿಗೆ ಕಲಿಸಿದ್ದೇವೆ. ಆ ವಿನಯದೊಳಗಿನ ಎಚ್ಚರಿಕೆಯನ್ನು ಕೇಳಿಸಿಕೊಳ್ಳುವುದನ್ನು ಹಿರಿಯರೂ ಕಲಿಯಬಾರದೇಕೆ?